ಡಂಪಿಗೊಂದು ತಿಪ್ಪೆ

ಕೇಳುಗರಿಗೆ ನಮಸ್ಕಾರ.

ವಿಜಯಪುರ ಜಿಲ್ಲೆಯ ಎರೆ ಹೊಲ ಬಿಟ್ಟು ಗೋವಾಕ್ಕೆ ಬಂದು, ಡಿಚೋಲಿ ಭಾಗದಲ್ಲಿ ಕಬ್ಬಿಣದ ಅದಿರಿನ ಲಾರಿ ಓಡಿಸಿದವನು ನಾನು. ಒಂದು ಟನ್ ಅದಿರಿಗಾಗಿ ಎರಡೂವರೆ, ಮೂರು ಟನ್ ಮಣ್ಣುಕಲ್ಲು ಅಗೆದು ಪಕ್ಕಕ್ಕೆ ಸುರಿಯುತ್ತಿದ್ದರು. ಆ ಗುಡ್ಡೆಯೇ ಡಂಪ್. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ 88 ಗಣಿ ಗುತ್ತಿಗೆಗಳ ನವೀಕರಣವನ್ನು ರದ್ದುಪಡಿಸಿತು. ಲಾರಿಗಳು ನಿಂತವು. ಡಂಪುಗಳು ಎಲ್ಲಿಗೆ ಹೋಗಬೇಕು?

ಹಲವು ಡಂಪುಗಳ ಮೇಲೆ ಅಕೇಶಿಯಾ ನೆಟ್ಟಿದ್ದಾರೆ. ರಸ್ತೆಯಿಂದ ನೋಡಿದರೆ ಕಣ್ಣಿಗೆ ತಂಪು. ಒಣ ಎಲೆ ಸರಿಸಿದರೆ ಕೆಳಗೆ ಅದೇ ಕೆಂಪು ಗರಸು. ಅಂದಿನಿಂದ ಹಸಿರು ಕಂಡಲ್ಲೆಲ್ಲ ಮಣ್ಣಿದೆ ಎಂದು ನಾನು ನಂಬುವುದಿಲ್ಲ.

ನಮ್ಮ ಹಿತ್ತಿಲು ಅಂಥದೊಂದು ಡಂಪಿನ ಬುಡದಲ್ಲಿದೆ. ಪ್ರತಿ ಮಳೆಗಾಲದಲ್ಲಿ ಮೇಲಿನ ಕೆಸರು ಇಳಿದು ಬರುತ್ತದೆ. ಒಣಗಿದ ಮೇಲೆ ಅದರ ಮೇಲೆ ನೀರು ಸುರಿದರೆ ಇಂಗುವುದಿಲ್ಲ, ಹೆಂಚಿನ ಮೇಲೆ ಹರಿದಂತೆ ಹರಿಯುತ್ತದೆ. ಆಳದಿಂದ ಬಂದ ಆ ಮಣ್ಣಿನಲ್ಲಿ ಬೇರಿಲ್ಲ, ಹುಳವಿಲ್ಲ, ಸಾರಜನಕ ಹೆಸರಿಗಷ್ಟೇ. ರಂಜಕ ಹಾಕಿದರೆ ಕಬ್ಬಿಣ ಅದನ್ನು ಬಿಗಿಹಿಡಿದು ಗಿಡಕ್ಕೆ ಬಿಡುವುದಿಲ್ಲ.

ಮೊದಲ ವರ್ಷ ನಾನು ಬುದ್ಧಿವಂತಿಕೆ ಮಾಡಿದೆ. ಅಕೇಶಿಯಾ ಎಲೆ, ಮರದ ಹೊಟ್ಟು ಎರಡನ್ನೂ ಹಸಿಹಸಿಯಾಗಿಯೇ ಗುಂಡಿಗೆ ತುಂಬಿ ಹೀರೆ ಬೀಜ ಊರಿದೆ. ಬಳ್ಳಿ ಹಳದಿಯಾಯಿತು. ಹೊಟ್ಟನ್ನು ಕೊಳೆಸುವ ಸೂಕ್ಷ್ಮಜೀವಿಗಳು ಇದ್ದಬದ್ದ ಸಾರಜನಕವನ್ನೂ ತಾವೇ ತಿಂದಿದ್ದವು. ರೈತನ ಮಗನಾಗಿ ತಿಪ್ಪೆ ಮರೆತಿದ್ದೆ, ನಾಚಿಕೆಯಾಯಿತು.

ಮರುವರ್ಷ ಸಗಣಿ, ಮೀನಿನ ತಲೆ, ತರಕಾರಿ ಸಿಪ್ಪೆ, ನೆರೆಮನೆಯವರು ಕೊಟ್ಟ ರಸ ಹಿಂಡಿದ ಗೇರುಹಣ್ಣಿನ ಚರಟ, ಇವನ್ನೆಲ್ಲ ಒಣ ಎಲೆಯ ಜೊತೆ ಪದರ ಪದರವಾಗಿ ಒಟ್ಟಿದೆ. ಇಂಗಾಲ ಇಪ್ಪತ್ತೈದು, ಮೂವತ್ತು ಪಾಲಿದ್ದರೆ ಸಾರಜನಕ ಒಂದು ಪಾಲಿರಬೇಕು ಎನ್ನುತ್ತಾರೆ. ನನ್ನ ಲೆಕ್ಕ ಮೂಗಿನದು. ನಾತ ಬಂದರೆ ಇನ್ನಷ್ಟು ಒಣ ಎಲೆ. ನಾಲ್ಕನೆಯ ದಿನ ರಾಶಿಯೊಳಗೆ ಕಬ್ಬಿಣದ ಸಲಾಕೆ ಚುಚ್ಚಿಟ್ಟು ತೆಗೆದರೆ ಹಿಡಿಯಲಾಗದಷ್ಟು ಬಿಸಿ. ಆ ಕಾವಿಗೆ ಕಳೆಬೀಜವೂ ರೋಗಾಣುವೂ ಬಹುಪಾಲು ಸಾಯುತ್ತವೆ. ತಣ್ಣಗಾಗಿ ಕಪ್ಪಾದ ಗೊಬ್ಬರವನ್ನು ಕೆಂಪು ಮಣ್ಣಿಗೆ ಬೆರೆಸಿದೆ. ಆ ಮಳೆಗಾಲದಲ್ಲಿ ನೀರು ಇಂಗಿತು. ಶ್ರಾವಣದಲ್ಲಿ ಗುದ್ದಲಿಗೆ ಎರೆಹುಳು ಸಿಕ್ಕಿತು. ಮಡದಿಯನ್ನು ಕೂಗಿ ಕರೆದು ತೋರಿಸಿದೆ, ಒಂದು ಹುಳುವಿಗೆ ಇಷ್ಟು ಗದ್ದಲವೇ ಎಂದು ಆಕೆ ನಕ್ಕಳು.

ಹಿತ್ತಿಲಿಗೆ ಇಷ್ಟು ಸಾಕು, ಡಂಪಿಗೆ ಸಾಲದು. ಇಳಿಜಾರಿನ ಮೇಲೆ ಗೊಬ್ಬರ ಚೆಲ್ಲಿದರೆ ಗೋವಾದ ಮಳೆ ಒಂದೇ ವಾರದಲ್ಲಿ ಹೊಳೆಗೆ ಸೇರಿಸುತ್ತದೆ. ಮೊದಲು ಮೆಟ್ಟಿಲು ಕಡಿಯಬೇಕು, ತೆಂಗಿನ ನಾರಿನ ಚಾಪೆ ಹಾಸಬೇಕು, ಅಂಚಿಗೆ ಲಾವಂಚ ನೆಡಬೇಕು, ಮೊದಲ ಮಳೆಗೇ ಹುರುಳಿ, ಸೆಣಬು ಬಿತ್ತಬೇಕು. ಅಷ್ಟು ಗೊಬ್ಬರ ಎಲ್ಲಿಂದ? ಊರಿನ ಹೋಟೆಲುಗಳಿಂದ, ಮೀನು ಮಾರುಕಟ್ಟೆಯಿಂದ, ನಮ್ಮ ನಿಮ್ಮ ಅಡುಗೆಮನೆಯಿಂದ. ಹಸಿಕಸ ಬೇರೆ ಮಾಡಿ ಕೊಟ್ಟರೆ ಮಾತ್ರ.

ಹೋದ ತಿಂಗಳು ಕಸದಿಂದ ಮಾಡಿದ ಗೊಬ್ಬರದ ಒಂದು ಚೀಲ ತಂದೆ. ಜರಡಿ ಹಿಡಿದಾಗ ಮೇಲೆ ಉಳಿದದ್ದು ಬಾಟಲಿಯ ಚೂರು, ಶಾಂಪೂ ಪೊಟ್ಟಣ ಮತ್ತು ಗಡಿಯಾರದ ಎರಡು ಸೆಲ್. ಸೆಲ್ಲಿನ ವಿಷ ಒಮ್ಮೆ ಮಣ್ಣಿಗಿಳಿದರೆ ಅದನ್ನು ಹಿಡಿಯುವ ಜರಡಿ ನನ್ನಲ್ಲಿಲ್ಲ.