ಪ್ರೀಮಿಯಂ ಯಾರ ದುಡ್ಡು?

ಎಲ್ಲರಿಗೂ ನಮಸ್ಕಾರ. ಈ ಸಭೆಯಲ್ಲಿ ಅರ್ಧಕ್ಕರ್ಧ ಮನೆಗಳ ಮಕ್ಕಳು ಅಮೆರಿಕದಲ್ಲಿದ್ದಾರೆ. ಅಲ್ಲಿನ ವಿಮೆಯ ರಗಳೆಯನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ; ಮಗಳ ಬಾಣಂತನಕ್ಕೆ ಹೋಗಿಬಂದವರು ಒಬ್ಬೊಬ್ಬರೂ ನನಗಿಂತ ಚೆನ್ನಾಗಿ ಭಾಷಣ ಮಾಡ್ತೀರಿ. ಅದರೊಳಗಿನ ಒಂದೇ ಎಳೆ ಹಿಡಿದು ಮಾತಾಡ್ತೇನೆ. ಮಾಲೀಕನ ಧರ್ಮಕ್ಕೆ ಒಪ್ಪದು ಅಂತ ಅವನ ಹತ್ತಿರ ದುಡಿಯುವ ಹೆಂಗಸಿನ ವಿಮೆಯಿಂದ ಗರ್ಭನಿರೋಧಕವನ್ನು ತೆಗೆದುಹಾಕಬಹುದೇ?

ನನ್ನ ತಂಗಿಯ ಮಗಳು ಅಲ್ಲಿ ಚರ್ಚಿನವರು ನಡೆಸುವ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಎರಡನೇ ಹೆರಿಗೆಯಾದ ಮೇಲೆ ವಂಕಿ, ಅಂದರೆ ಬಸಿರಾಗದಂತೆ ಗರ್ಭಕೋಶದೊಳಗೆ ಇಡುವ ಸಾಧನ, ಹಾಕಿಸಿಕೊಂಡಳು. ನಮ್ಮೂರಲ್ಲಿ ಆಶಾ ಕಾರ್ಯಕರ್ತೆ ಮನೆಗೆ ಬಂದು ವಿವರಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿಯಾಗಿ ಹಾಕಿಸುತ್ತಾರಲ್ಲ, ಅದೇ ವಂಕಿ. ಕೆಲವು ವಾರ ಕಳೆದು ಒಂದು ಲಕೋಟೆ ಬಂತು. ನಾನು ಅಲ್ಲೇ ಇದ್ದೆ. ಅಡುಗೆಕಟ್ಟೆಯ ಮೇಲೆ, ಕೂಸಿನ ಹಾಲಿನ ಬಾಟಲಿಗಳನ್ನು ಪಕ್ಕಕ್ಕೆ ಸರಿಸಿ ಒಡೆದೆವು. ಮೇಲುಗಡೆ ದಪ್ಪ ಅಕ್ಷರದಲ್ಲಿ 'ಇದು ಬಿಲ್ ಅಲ್ಲ' ಅಂತಿತ್ತು. ಕೆಳಗೆ ಡಾಕ್ಟರು ಕೇಳಿದ್ದೆಷ್ಟು, ವಿಮೆ ಕೊಟ್ಟದ್ದೆಷ್ಟು, ನೀವು ಕೊಡಬೇಕಾದ್ದೆಷ್ಟು ಎಂಬ ಲೆಕ್ಕ. ವಿಮೆ ಕೊಟ್ಟ ಕಡೆ ಸೊನ್ನೆ. 'ನೀವು ಕೊಡಬೇಕಾದ್ದು' ಅನ್ನುವ ಕಡೆ ಪೂರ್ತಿ ಮೊತ್ತ. ಅವಳು ಒಂದು ಮಾತೂ ಆಡದೆ ಡ್ರಾಯರ್‌ನಿಂದ ಸಂಬಳದ ಚೀಟಿ ತೆಗೆದು ಪಕ್ಕದಲ್ಲಿಟ್ಟಳು. 'ನೋಡಿ ದೊಡ್ಡಮ್ಮ, ತಿಂಗಳು ತಿಂಗಳೂ ಪ್ರೀಮಿಯಂ ಹಿಡ್ಕೊಂಡಿದ್ದಾರೆ' ಅಂದಳು.

ಇವತ್ತಿನ ನನ್ನ ವಾದವೆಲ್ಲ ಆ ಚೀಟಿಯಲ್ಲೇ ಇದೆ. ಪ್ರೀಮಿಯಂ ಅನ್ನುವುದು ಸಂಬಳ. ಅವಳ ಕೈಯಿಂದ ಹಿಡಿದ ಪಾಲು ಸಂಬಳ ಅನ್ನುವುದಕ್ಕೆ ಯಾರ ತಕರಾರೂ ಇಲ್ಲ. ಧಣಿ ಕಟ್ಟುವ ಪಾಲೂ ಸಂಬಳವೇ. ಇದು ನನ್ನ ಹಟದ ಮಾತಲ್ಲ, ಅಮೆರಿಕದ ಚರಿತ್ರೆಯೇ ಹೀಗಿದೆ. ಎರಡನೇ ಮಹಾಯುದ್ಧದ ಹೊತ್ತಿಗೆ, 1942ರಲ್ಲಿ, ಬೆಲೆ ಏರದಿರಲಿ ಅಂತ ಸರ್ಕಾರ ಸಂಬಳಕ್ಕೆ ಬಿಗಿ ಹಾಕಿತು. ಗಂಡಸರು ಯುದ್ಧಕ್ಕೆ ಹೋಗಿದ್ದರು, ಕಾರ್ಖಾನೆಗೆ ಆಳು ಸಿಗುತ್ತಿರಲಿಲ್ಲ. ಸಂಬಳ ಹೆಚ್ಚಿಸುವ ಹಾಗಿಲ್ಲ, ವಿಮೆ ಕೊಡಬಹುದು. ಕೊಟ್ಟರು. ಆಮೇಲೆ ಅದಕ್ಕೆ ತೆರಿಗೆ ವಿನಾಯಿತಿಯೂ ಸೇರಿ ಬೇರುಬಿಟ್ಟಿತು. ಕೊಡಲಾಗದ ಸಂಬಳದ ಬದಲಿಗೆ ಕೊಟ್ಟದ್ದನ್ನು ಇವತ್ತು ಧಣಿಯ ದಾನ ಅನ್ನುವುದು ಹೇಗೆ? ಸಂಬಳ ಎಣಿಸಿಕೊಟ್ಟ ಮೇಲೆ ಅದರಲ್ಲಿ ಅವಳು ಮಾತ್ರೆ ಕೊಳ್ಳುತ್ತಾಳೋ ಮಲ್ಲಿಗೆ ಕೊಳ್ಳುತ್ತಾಳೋ, ಕೇಳುವ ಹಕ್ಕು ಧಣಿಗಿಲ್ಲ.

ಈಗ ಹಾಬಿ ಲಾಬಿ ಅನ್ನುವ, ಕರಕುಶಲ ಸಾಮಾನು ಮಾರುವ ಅಂಗಡಿಗಳ ಕಂಪನಿಯ ವಿಚಾರಕ್ಕೆ ಬರೋಣ. ಒಕ್ಲಹೋಮಾ ಸಿಟಿಯ ಡೇವಿಡ್ ಗ್ರೀನ್ 1970ರಲ್ಲಿ 600 ಡಾಲರ್ ಸಾಲ ಮಾಡಿ, ಪುಟ್ಟ ಪುಟ್ಟ ಚಿತ್ರದ ಚೌಕಟ್ಟು ತಯಾರಿಸುವ ಕೆಲಸ ಶುರುಮಾಡಿದವರು. ಕೋರ್ಟಿಗೆ ಹೋಗುವ ಹೊತ್ತಿಗೆ 500 ಅಂಗಡಿ, 13,000ಕ್ಕೂ ಹೆಚ್ಚು ನೌಕರರು. ಭಾನುವಾರ ಅಂಗಡಿ ತೆರೆಯುವುದಿಲ್ಲ, ಎಷ್ಟೇ ನಷ್ಟವಾಗಲಿ. ಅವರ ಭಕ್ತಿ ನಿಜವಾದದ್ದು, ಅದರಲ್ಲಿ ನನಗೆ ಅನುಮಾನವಿಲ್ಲ. 2010ರ ಆರೋಗ್ಯ ಕಾಯ್ದೆಯ ಪ್ರಕಾರ ವಿಮೆಯಲ್ಲಿ ಸೇರಬೇಕಾಗಿದ್ದ 20 ಬಗೆಯ ಗರ್ಭನಿರೋಧಕಗಳಲ್ಲಿ 16ಕ್ಕೆ ಅವರ ಅಡ್ಡಿಯಿರಲಿಲ್ಲ. ಉಳಿದ ನಾಲ್ಕು, ಎರಡು ತುರ್ತು ಮಾತ್ರೆ ಮತ್ತು ಎರಡು ಬಗೆಯ ವಂಕಿ, ಗರ್ಭ ಕಟ್ಟಿದ ಮೇಲೆ ಕೆಲಸ ಮಾಡಬಹುದು, ಅದು ಪಾಪ ಅಂದರು. ಕೊಡದೆ ಹೋದರೆ ದಿನಕ್ಕೆ 13 ಲಕ್ಷ ಡಾಲರ್ ದಂಡ. 2014ರ ಜೂನ್ 30ರಂದು ಸುಪ್ರೀಂ ಕೋರ್ಟ್ 5-4ರಲ್ಲಿ ಅವರ ಪರ ತೀರ್ಪು ಕೊಟ್ಟಿತು. ಒಂದು ಮನೆತನದ ಹಿಡಿತದಲ್ಲಿರುವ ಕಂಪನಿಗೂ ಧರ್ಮಾಚರಣೆಯ ಹಕ್ಕುಂಟು ಅಂದಿತು. ಆ 13,000 ಜನರಲ್ಲಿ ಎಷ್ಟೋ ಧರ್ಮದವರಿದ್ದರು, ಧರ್ಮವೇ ಬೇಡ ಅಂದವರೂ ಇದ್ದಿರಬೇಕು. ಸಂಬಳ ಅವರದು, ಪಾಪಪುಣ್ಯದ ಲೆಕ್ಕ ಮಾತ್ರ ಧಣಿಯದು.

ಇದೇ ಕೋರ್ಟು 1982ರಲ್ಲಿ ಬೇರೆ ಮಾತಾಡಿತ್ತು. ಈ ಕಥೆ ನನಗೆ ಬಹಳ ಇಷ್ಟ, ಸ್ವಲ್ಪ ಹೊತ್ತು ತಗೊಳ್ತೇನೆ. ಪೆನ್ಸಿಲ್ವೇನಿಯಾದಲ್ಲಿ ಆಮಿಶ್ ಅನ್ನುವ ಕ್ರೈಸ್ತ ಪಂಥದ ಒಬ್ಬ ರೈತ, ಬಡಗಿ ಕೆಲಸವನ್ನೂ ಮಾಡಿಸುತ್ತಿದ್ದವನು, ಹೆಸರು ಲೀ. ಆಮಿಶ್ ಅಂದರೆ ಕುದುರೆಗಾಡಿಯಲ್ಲೇ ಓಡಾಡುವ ಜನ. ಮುಪ್ಪಿನವರನ್ನು ನೋಡಿಕೊಳ್ಳುವುದು ನಮ್ಮ ಸಮುದಾಯದ ಧರ್ಮ, ಸರ್ಕಾರದ ಪಿಂಚಣಿ ನಮಗೆ ಬೇಡ, ಅದಕ್ಕೆ ತೆರಿಗೆಯನ್ನೂ ಕೊಡುವುದಿಲ್ಲ ಅಂದ. ನಮ್ಮ ಅಜ್ಜ ಅಜ್ಜಿಯರು ಕೇಳಿದ್ದರೆ ಭೇಷ್ ಅನ್ನುತ್ತಿದ್ದರು. ಸ್ವಂತಕ್ಕೆ ದುಡಿಯುವ ಆಮಿಶರಿಗೆ ಆ ತೆರಿಗೆಯಿಂದ ವಿನಾಯಿತಿಯೂ ಇತ್ತು. ಆದರೆ ಲೀ ಆಳು ಇಟ್ಟುಕೊಂಡಿದ್ದ. ನಿನ್ನ ನಂಬಿಕೆ ನಿಜ, ಅದಕ್ಕೆ ನೋವಾಗುವುದೂ ನಿಜ ಅಂತ ಕೋರ್ಟು ಒಪ್ಪಿಕೊಂಡಿತು. ಆದರೆ ನೀನಾಗಿ ವ್ಯಾಪಾರಕ್ಕೆ ಇಳಿದ ಮೇಲೆ, ನಿನಗೆ ನೀನು ಹಾಕಿಕೊಂಡ ಕಟ್ಟುಪಾಡನ್ನು ಎಲ್ಲರಿಗೂ ಅನ್ವಯವಾಗುವ ಕಾನೂನಿನ ಮೇಲೆ ಹೇರುವ ಹಾಗಿಲ್ಲ ಅಂದಿತು. ಒಬ್ಬ ನ್ಯಾಯಮೂರ್ತಿಯೂ ಭಿನ್ನಮತ ಬರೆಯಲಿಲ್ಲ. ಇನ್ನು ಹಾಬಿ ಲಾಬಿ ತೀರ್ಪಿಗೆ ಭಿನ್ನಮತ ಬರೆದ ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಅವರು ಒಂದು ವಂಕಿಯ ಖರ್ಚು ಕನಿಷ್ಠ ಕೂಲಿಯವಳ ಹೆಚ್ಚುಕಡಿಮೆ ಒಂದು ತಿಂಗಳ ದುಡಿಮೆ ಅಂತ ನೆನಪಿಸಿದರು. ನೋಡಿ, ಮತ್ತೆ ಸಂಬಳಕ್ಕೇ ಬಂತು ಮಾತು.

ಮೈಸೂರು ಸಂಸ್ಥಾನದ ವಿಷಯ ವಿಸ್ತಾರವಾಗಿ ಹೇಳಬೇಕೆಂದಿದ್ದೆ, ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. 1930ರಲ್ಲೇ, ನಾಲ್ವಡಿಯವರ ಕಾಲದಲ್ಲಿ, ನಮ್ಮ ಸರ್ಕಾರ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಿತು. ಆಗ ಅಮೆರಿಕದಲ್ಲಿ ಇಂಥ ಸಾಮಾನು ಅಂಚೆಯಲ್ಲಿ ಕಳಿಸುವುದೇ ಅಪರಾಧ. ನಮ್ಮ ಕೈಯೂ ಶುದ್ಧವಾಗಿ ಉಳಿಯಲಿಲ್ಲ, 1976ರ ಬಲವಂತದ ಆಪರೇಷನ್‌ಗಳನ್ನು ಮರೆಯುವ ಹಾಗಿಲ್ಲ. ಬೇಡ ಅಂದವರಿಗೆ ಹಿಡಿದು ಮಾಡಿದ್ದೂ, ಬೇಕು ಅಂದವಳಿಗೆ ತಡೆದದ್ದೂ ಎರಡೂ ನನ್ನ ಕಣ್ಣಿಗೆ ಒಂದೇ ಅನ್ಯಾಯ.

ಇನ್ನೊಂದೇ ವಿಷಯ. 'ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್' ಅಂತ ಬಡ ಮುದುಕರ ಸೇವೆ ಮಾಡುವ ಸನ್ಯಾಸಿನಿಯರು. ಅವರ ಮೇಲೆ ನನಗೆ ಗೌರವವಿದೆ. ತಮ್ಮ ನೌಕರರ ವಿಮೆಯಲ್ಲಿ ಗರ್ಭನಿರೋಧಕ ಸೇರುವುದು ಅವರಿಗೂ ಒಪ್ಪಿಗೆಯಿರಲಿಲ್ಲ. ನಮಗೆ ಆಕ್ಷೇಪವಿದೆ ಅಂತ ತಿಳಿಸಿಬಿಡಿ, ಖರ್ಚು ನಿಮ್ಮ ತಲೆಗೆ ಬರದ ಹಾಗೆ ವಿಮೆಯ ಕಡೆಯಿಂದಲೇ ವ್ಯವಸ್ಥೆ ಆಗುತ್ತದೆ ಅಂತ ಸರ್ಕಾರ ಹೇಳಿತ್ತು. ತಿಳಿಸುವುದೇ ಪಾಪದಲ್ಲಿ ಕೈಜೋಡಿಸಿದ ಹಾಗೆ ಅಂದರು. ವರ್ಷಗಟ್ಟಲೆ ಎಳೆದಾಡಿತು. ಅಷ್ಟರಲ್ಲಿ ಟ್ರಂಪ್ ಸರ್ಕಾರ ವಿನಾಯಿತಿಯನ್ನು ಇನ್ನೂ ಅಗಲ ಮಾಡಿತು, ಅದೂ ಕೋರ್ಟಿಗೆ ಬಂತು. 2020ರ ಮೇ, ಕೋವಿಡ್ ಕಾಲ, ವಿಚಾರಣೆ ಫೋನಿನಲ್ಲಿ. ಗಿನ್ಸ್‌ಬರ್ಗ್ ಅವರಿಗೆ 87 ವರ್ಷ, ಪಿತ್ತಕೋಶದ ಸೋಂಕಾಗಿ ಬಾಲ್ಟಿಮೋರಿನ ಆಸ್ಪತ್ರೆಯಲ್ಲಿದ್ದರು. ಅಲ್ಲಿಂದಲೇ ಫೋನ್ ಹಿಡಿದು, ಈ ಹೆಂಗಸರು ಇನ್ನೆಲ್ಲಿಗೆ ಹೋಗಬೇಕು ಅಂತ ವಕೀಲರನ್ನು ಕೇಳಿದರು. ಜುಲೈ 8ಕ್ಕೆ ತೀರ್ಪು ಬಂತು, ವಿನಾಯಿತಿಯ ಪರವಾಗಿ, 7-2. ಸೋತ ಆ ಇಬ್ಬರ ಪರವಾಗಿ ಭಿನ್ನಮತ ಬರೆದವರು ಅವರೇ. ಸೆಪ್ಟೆಂಬರ್ 18ರಂದು ತೀರಿಕೊಂಡರು.

ನನ್ನ ತಂಗಿಯ ಮಗಳು ಆ ಬಿಲ್ಲನ್ನು ಕಂತಿನಲ್ಲಿ ಕಟ್ಟಿ ತೀರಿಸಿದಳು. ಮೇಲ್ಮನವಿ ಹಾಕೋಣ ಅಂತ ನಾನು ಅಲ್ಲಿದ್ದಷ್ಟು ದಿನವೂ ಹೇಳಿದೆ. ಎರಡು ಸಣ್ಣ ಮಕ್ಕಳು, ರಾತ್ರಿ ಪಾಳಿ. ಫೋನ್ ಹಿಡಿದು ಕಾಯುವುದಕ್ಕೆ ಅವಳಿಗೆ ಪುರುಸೊತ್ತಾಗಲಿಲ್ಲ.