ಹುಬ್ಬಳ್ಳಿಯಲ್ಲಿ ಬಿಸಿಲು, ದೇವನಹಳ್ಳಿಯಲ್ಲಿ ಮಂಜು

ಕೇಳುಗರಿಗೆಲ್ಲ ನಮಸ್ಕಾರ.

ಒಂದು ಜನವರಿ ಬೆಳಗ್ಗೆ ನಾನು ಹುಬ್ಬಳ್ಳಿ ವಿಮಾನ ನಿಲ್ದಾಣದಲ್ಲಿ ಕೂತಿದ್ದೆ. ಬೆಂಗಳೂರಿಗೆ ಎಂಟು ಗಂಟೆಯ ವಿಮಾನ. ಪಕ್ಕದಲ್ಲಿ ನವಲಗುಂದದ ಕಡೆಯ ವಯಸ್ಸಾದ ಗಂಡ ಹೆಂಡತಿ. ಯಜಮಾನರಿಗೆ ಅವತ್ತು ಬೆಂಗಳೂರಿನ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ. ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದಿದ್ದರಂತೆ. ರಾತ್ರಿ ಊಟ ಆದಮೇಲೆ ಅವರು ಏನೂ ತಿಂದಿರಲಿಲ್ಲ. ಅಮ್ಮನ ಮಡಿಲಲ್ಲಿ ಬಿಳಿ ಬಟ್ಟೆಯಲ್ಲಿ ಕಟ್ಟಿದ ಬುತ್ತಿ. ಪರೀಕ್ಷೆ ಮುಗಿದ ಕೂಡಲೇ ಕೊಡಲು ತಂದದ್ದು.

ಎಂಟು ಗಂಟೆಯ ವಿಮಾನ ಬೋರ್ಡಿನಲ್ಲಿ ಎಂಟೂವರೆ ಆಯಿತು. ಆಮೇಲೆ ಒಂಬತ್ತು. ಆಮೇಲೆ ಒಂಬತ್ತೂವರೆ. ಕಾರಣ ಮಂಜು ಅಂತ ಹೇಳಿದರು. ಯಜಮಾನರು ಗಾಜಿನ ಆಚೆ ನೋಡಿ ನನ್ನನ್ನು ಕೇಳಿದರು: "ಬಿಸ್ಲು ಇಷ್ಟ ಚೊಲೋ ಬಿದ್ದೈತಿ. ಮಂಜು ಎಲ್ಲೈತ್ರಿ ಸರ?"

ಮಂಜು ಇದ್ದದ್ದು ನಾನೂರು ಕಿಲೋಮೀಟರ್ ದೂರದಲ್ಲಿ, ಬೆಂಗಳೂರಿನ ವಿಮಾನ ನಿಲ್ದಾಣ ಇರುವ ದೇವನಹಳ್ಳಿಯಲ್ಲಿ. ನಮ್ಮನ್ನು ಕರೆದುಕೊಂಡು ಹೋಗಬೇಕಾದ ವಿಮಾನ ಮೊದಲು ಅಲ್ಲಿಂದ ಬರಬೇಕಿತ್ತು. ಅದು ಅಲ್ಲೇ ನಿಂತಿತ್ತು.

ದೇವನಹಳ್ಳಿ ಕಡೆ ಚಳಿಗಾಲದ ಬೆಳಗ್ಗೆ ಓಡಾಡಿದವರಿಗೆ ಆ ಮಂಜು ಗೊತ್ತಿರುತ್ತದೆ. ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದ ಬಯಲು. ಸುತ್ತ ಕೆರೆಗಳು, ಹೊಲಗಳು, ದ್ರಾಕ್ಷಿ ತೋಟಗಳು. ಹಗಲು ಕಾದ ನೆಲ ರಾತ್ರಿಯೆಲ್ಲ ಬಿಸಿ ಬಿಟ್ಟುಕೊಡುತ್ತಾ ತಣ್ಣಗಾಗುತ್ತದೆ. ಮೋಡ ಇದ್ದರೆ ಕಂಬಳಿ ಹೊದಿಸಿದ ಹಾಗೆ, ಬಿಸಿ ಅಷ್ಟು ಬೇಗ ಹೋಗುವುದಿಲ್ಲ. ಆಕಾಶ ಶುಭ್ರವಾಗಿದ್ದು, ಗಾಳಿಯೂ ಆಡದಿದ್ದರೆ ನೆಲಕ್ಕೆ ತಾಗಿದ ತೇವದ ಗಾಳಿ ತಣಿದು, ಸಣ್ಣ ಸಣ್ಣ ಹನಿಗಳಾಗಿ ಅಲ್ಲೇ ನಿಂತುಬಿಡುತ್ತದೆ. ಅದೇ ಮಂಜು. ಧನುರ್ಮಾಸದಲ್ಲಿ, ಬೆಳಗಿನ ಪೂಜೆಗೆ ಗುಡಿಯ ಗಂಟೆ ಬಾರಿಸುವ ಹೊತ್ತಿಗೆ, ಅದು ಜಾಸ್ತಿ. ಬಿಸಿಲೇರಿದ ಮೇಲೆ ಕರಗುತ್ತದೆ. ಇದೇ ಇಬ್ಬನಿ ಬಿದ್ದರೇ ಅವರೆಕಾಯಿಗೆ ಸೊಗಡು ಬರುವುದು ಅಂತ ಆ ಕಡೆಯ ರೈತರು ಹೇಳುತ್ತಾರೆ. ಅದು ಅವರಿಗೆ ಬೇಕಾದ ಹವೆ. ಅದನ್ನು ಬಯ್ಯಲು ನನಗೆ ಮನಸ್ಸಿಲ್ಲ.

ಮಂಜಿನಲ್ಲಿ ವಿಮಾನ ಇಳಿಸಲು ದಾರಿಯೇ ಇಲ್ಲ ಅಂತಲ್ಲ. ರನ್‌ವೇ ಪಕ್ಕದಿಂದ ಹೊರಡುವ ರೇಡಿಯೋ ಅಲೆಗಳು ಪೈಲಟ್‌ಗೆ ದಾರಿ ತೋರಿಸುತ್ತವೆ. ಐಎಲ್‌ಎಸ್ ಅಂತ ಅದರ ಹೆಸರು. ಅದರಲ್ಲಿ ದರ್ಜೆಗಳಿವೆ. ಮೊದಲ ದರ್ಜೆಯಲ್ಲಿ ರನ್‌ವೇ ಮೇಲೆ 550 ಮೀಟರ್ ದೂರದವರೆಗಾದರೂ ಕಾಣಬೇಕು. ಬೆಂಗಳೂರಿನಲ್ಲಿ 2019ರ ಡಿಸೆಂಬರ್‌ನಲ್ಲಿ ದಕ್ಷಿಣದ ರನ್‌ವೇ ಶುರುವಾಯಿತು. ಆಮೇಲೆ ಅದಕ್ಕೆ ಮೂರನೇ ದರ್ಜೆಯ ವ್ಯವಸ್ಥೆ ಬಂತು. ಈಗ 50 ಮೀಟರ್ ಕಂಡರೂ ಇಳಿಯಬಹುದು, 125 ಮೀಟರ್ ಕಂಡರೆ ಮೇಲೇರಬಹುದು. 50 ಮೀಟರ್ ಅಂದರೆ ಎರಡು ಲೈಟು ಕಂಬಗಳ ನಡುವಿನಷ್ಟು ದೂರ, ಅಷ್ಟೇ.

ಆದರೆ ರನ್‌ವೇ ಒಂದಕ್ಕೆ ಆ ಶಕ್ತಿ ಇದ್ದರೆ ಸಾಲದು. ವಿಮಾನದಲ್ಲೂ ಆ ಯಂತ್ರ ಇರಬೇಕು, ಪೈಲಟ್‌ಗೂ ಆ ತರಬೇತಿ ಆಗಿರಬೇಕು. ನಮ್ಮ ಸಣ್ಣ ಊರುಗಳಿಗೆ ಬರುವುದು ಹೆಚ್ಚಾಗಿ ಎಟಿಆರ್ ವಿಮಾನ. ರೆಕ್ಕೆಯ ಕೆಳಗೆ ದೊಡ್ಡ ಫ್ಯಾನು ತಿರುಗುತ್ತದಲ್ಲ, ಎಪ್ಪತ್ತು ಎಂಬತ್ತು ಜನ ಹಿಡಿಸುವಂಥದ್ದು, ಅದು. ಒಳ್ಳೆಯ ವಿಮಾನ. ಸಣ್ಣ ರನ್‌ವೇ ಸಾಕು, ಇಂಧನ ಕಡಿಮೆ ಸಾಕು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಕಡಿಮೆ ದರದ ವಿಮಾನ ಶುರು ಮಾಡಿದ್ದು ಇದನ್ನೇ ನಂಬಿ. ಆದರೆ ಆ ಪರಿ ದಟ್ಟ ಮಂಜಿನಲ್ಲಿ ತಾನೇ ತಾನಾಗಿ ಇಳಿಯುವ ವ್ಯವಸ್ಥೆ ಅದರಲ್ಲಿಲ್ಲ. ಹಾಗಾಗಿ ದೆಹಲಿಯ ದೊಡ್ಡ ವಿಮಾನ ಇಳಿದುಬಿಡುತ್ತದೆ, ನಮ್ಮದು ಕಾಯುತ್ತದೆ.

ಇನ್ನೊಂದು ತೊಡಕು ಇದೆ. ಒಂದೇ ಎಟಿಆರ್ ದಿನವೆಲ್ಲ ದುಡಿಯುತ್ತದೆ. ಬೆಳಗ್ಗೆ ಒಂದು ಊರು, ವಾಪಸ್ಸು ಬೆಂಗಳೂರು, ಮತ್ತೆ ಇನ್ನೊಂದು ಊರು. ಬೆಳಗಿನ ಮೊದಲ ಸುತ್ತು ಎರಡು ಗಂಟೆ ತಡವಾದರೆ ಸಂಜೆಯ ಪ್ರಯಾಣಿಕನವರೆಗೂ ಆ ತಡ ಹರಿದು ಬರುತ್ತದೆ. ಪೈಲಟ್‌ಗಳ ಕೆಲಸದ ಅವಧಿಗೂ ಮಿತಿ ಇದೆ, ಇರಲೇಬೇಕು. ಅದು ಮುಗಿದರೆ ಕೊನೆಯ ಸುತ್ತು ರದ್ದು.

ಕಲಬುರಗಿಗೆ 2019ರಲ್ಲಿ ವಿಮಾನ ಬಂತು, ಬೀದರಿಗೆ 2020ರಲ್ಲಿ, ಶಿವಮೊಗ್ಗಕ್ಕೆ 2023ರ ಆಗಸ್ಟ್ 31ರಂದು. ಅವತ್ತು ಮಲೆನಾಡಿನ ಜನ ಪಟ್ಟ ಸಂತೋಷ ದೊಡ್ಡದು. 3,200 ಮೀಟರ್ ರನ್‌ವೇ, ರಾಜ್ಯದಲ್ಲಿ ಬೆಂಗಳೂರು ಬಿಟ್ಟರೆ ಅಷ್ಟು ಉದ್ದದ್ದು ಇನ್ನೊಂದಿಲ್ಲ. ಆದರೆ ಶುರುವಾದಾಗ ಅಲ್ಲಿ ರಾತ್ರಿ ಇಳಿಯುವ ಸೌಲಭ್ಯ ಇರಲಿಲ್ಲ, ಐಎಲ್‌ಎಸ್ ಇರಲಿಲ್ಲ. ಪೈಲಟ್ ಕಣ್ಣಿನಿಂದಲೇ ನೋಡಿ ಇಳಿಸಬೇಕಿತ್ತು. ಅದಕ್ಕೆ ಸಾಮಾನ್ಯವಾಗಿ 5 ಕಿಲೋಮೀಟರ್ ದೂರದವರೆಗೆ ನಿಚ್ಚಳವಾಗಿ ಕಾಣಬೇಕು. ಮಲೆನಾಡಿನ ಹವೆಯಲ್ಲಿ ಅದು ಸುಲಭವಲ್ಲ ಅಲ್ವಾ? ಬಂದ ವಿಮಾನ ಇಳಿಯಲಾಗದೆ ತಿರುಗಿ ಹೋದ ದಿನಗಳಿವೆ. ಗೋಡೆ, ಗಾಜು, ರನ್‌ವೇ ಕಟ್ಟಿದ ದಿನವೇ ದಾರಿ ತೋರಿಸುವ ಯಂತ್ರಕ್ಕೂ ಹಣ ಇಟ್ಟಿರಬೇಕು. ಫೋಟೋದಲ್ಲಿ ಕಾಣುವುದಿಲ್ಲ ಅಂತ ಅದನ್ನು ಮುಂದೂಡಬಾರದು. ಇದನ್ನು ನಾನು ಕಳಕಳಿಯಿಂದಲೇ ಹೇಳುತ್ತೇನೆ.

ಪ್ರಯಾಣಿಕರಿಗೆ ನಿಯಮಗಳೂ ಇವೆ, ಎಷ್ಟೋ ಜನಕ್ಕೆ ಗೊತ್ತಿಲ್ಲ. ಇಂಥ ಸಣ್ಣ ಪ್ರಯಾಣದಲ್ಲಿ ಎರಡು ಗಂಟೆ ತಡವಾದರೆ ಕಂಪನಿ ತಿಂಡಿ ಕೊಡಬೇಕು. ರದ್ದಾದರೆ ಬೇರೆ ವಿಮಾನ, ಇಲ್ಲವೇ ಪೂರ್ತಿ ಹಣ ವಾಪಸ್ಸು. ಹವಾಮಾನ ಕಾರಣವಾದರೆ ಅದರ ಮೇಲೆ ಪರಿಹಾರದ ಹಣ ಸಿಗುವುದಿಲ್ಲ. 2024ರ ಜನವರಿಯಲ್ಲಿ ದೆಹಲಿಯ ಮಂಜಿನಿಂದ ದೊಡ್ಡ ಗೊಂದಲ ಆದಾಗ, ವಿಮಾನಯಾನದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಡಿಜಿಸಿಎ ಕಂಪನಿಗಳಿಗೆ ಒಂದು ಮಾತು ಹೇಳಿತು. ತಡದ ಬಗ್ಗೆ ಸರಿಯಾದ ಸುದ್ದಿಯನ್ನು ಆಗಿಂದಾಗ್ಗೆ ಕೊಡಿ; ಮೂರು ಗಂಟೆಗಿಂತ ತಡವಾಗುವ ಹಾಗಿದ್ದರೆ ಮೊದಲೇ ರದ್ದು ಮಾಡಬಹುದು, ಅಂತ. ಮುಂದೆ ವಿದೇಶಕ್ಕೋ ಬೇರೆ ಊರಿಗೋ ವಿಮಾನ ಹಿಡಿಯುವವರು ಎರಡೂ ಪ್ರಯಾಣವನ್ನು ಒಂದೇ ಟಿಕೆಟ್‌ನಲ್ಲಿ ಮಾಡಿಸಿ. ಬೇರೆ ಬೇರೆ ಟಿಕೆಟ್ ಆದರೆ, ಮೊದಲನೆಯದು ತಡವಾಗಿದ್ದಕ್ಕೆ ಎರಡನೆಯ ಕಂಪನಿ ಹೊಣೆ ಹೊರುವುದಿಲ್ಲ.

ಹುಬ್ಬಳ್ಳಿಗೆ ವಾಪಸ್ಸು ಬರುತ್ತೇನೆ. ಹತ್ತು ಗಂಟೆಗೆ ನಾನು ಕೌಂಟರಿಗೆ ಹೋದೆ. "ಎಷ್ಟೊತ್ತಿಗೆ ಹೊರಡುತ್ತೆ?" ಅಂತ ಕೇಳಲಿಲ್ಲ. "ನಮ್ಮ ವಿಮಾನ ಬೆಂಗಳೂರಿನಿಂದ ಹೊರಟಿದೆಯಾ?" ಅಂತ ಕೇಳಿದೆ. ಅಲ್ಲಿದ್ದ ಹುಡುಗಿ ಫೋನ್ ಮಾಡಿ ವಿಚಾರಿಸಿ, "ಇನ್ನೂ ಹೊರಟಿಲ್ಲ ಸರ್, ಮಂಜು ಕರಗಿದೆ, ಮುಂದೆ ತುಂಬ ವಿಮಾನಗಳು ಸಾಲು ನಿಂತಿವೆ" ಅಂದಳು. ಅಂದರೆ ಅದು ಇನ್ನು ಹೊರಟರೂ ಇಲ್ಲಿಗೆ ಬರಲು ಒಂದು ಗಂಟೆಯ ಮೇಲೇ ಬೇಕು. ಪಾಪ, ಅವಳ ತಪ್ಪೇನೂ ಇಲ್ಲ. ಅವಳಿಗೂ ಯಾರೂ ಮೊದಲೇ ಹೇಳಿರಲಿಲ್ಲ. ಆದರೆ ವಿಮಾನ ಬೆಂಗಳೂರಲ್ಲೇ ನಿಂತಿದೆ ಅಂತ ಕಂಪನಿಗೆ ಬೆಳಗ್ಗೆಯೇ ಗೊತ್ತಿತ್ತು. ಆಗಲೇ ಒಂದು ಮೆಸೇಜ್ ಬಂದಿದ್ದರೆ ಎಪ್ಪತ್ತು ದಾಟಿದ ಆ ಜೀವ ಅಷ್ಟು ಹೊತ್ತು ಹಸಿದು ಕೂರಬೇಕಾಗಿರಲಿಲ್ಲ.

ನಾನು ಬಂದು ಯಜಮಾನರಿಗೆ ವಿಷಯ ಹೇಳಿದೆ. ಅವರು ಬೆಂಗಳೂರಿನ ಮಗನಿಗೆ ಫೋನ್ ಹಚ್ಚಿದರು. ಪರೀಕ್ಷೆ ಮರುದಿನಕ್ಕೆ ಹೋಯಿತು. ಅಮ್ಮ ಒಂದು ಮಾತೂ ಆಡದೆ ಬುತ್ತಿಯ ಗಂಟು ಬಿಚ್ಚಿದರು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೇಲೆ ಸ್ವಲ್ಪ ಕೆನೆಮೊಸರು. ನನ್ನ ಕೈಗೂ ಒಂದು ರೊಟ್ಟಿ ಇಟ್ಟು, "ತಗೋರಿ, ನೀವೂ ಹಸದೀರಿ" ಅಂದರು.

ಹನ್ನೊಂದೂವರೆ ಹೊತ್ತಿಗೆ ವಿಮಾನ ಇಳಿಯಿತು. ಗಾಜಿನ ಆಚೆ ಜನ ಮೆಟ್ಟಿಲು ಇಳಿದು ಬರುತ್ತಿದ್ದರು. ಆ ಬಿಸಿಲಿನಲ್ಲೂ ಸ್ವೆಟರು, ಮಫ್ಲರು, ಮಕ್ಕಳ ತಲೆಗೆ ಉಣ್ಣೆ ಟೋಪಿ. ಅಮ್ಮ ಅವರನ್ನೇ ನೋಡುತ್ತಾ ಗಂಡನಿಗೆ ಹೇಳಿದರು: "ನೋಡ್ರಿ, ಖರೇನ ಅಲ್ಲೆ ಥಂಡಿ ಐತಿ."

ನಮಸ್ಕಾರ.