ಎಣ್ಣೆ ಉದ್ಯಮದಲ್ಲಿ ‘ಲೋಕಲ್’ ಅಂದ್ರೆ ಯಾರು? ಕಲಬುರಗಿಯಿಂದ ಒಂದು ಪಿಎಚ್.ಡಿ. ಪ್ರಶ್ನೆ

(ದೃಶ್ಯ: ಬೆಳಗಿನ ಸೇಡಂ ರಸ್ತೆ. ಸುಣ್ಣದಕಲ್ಲು ತುಂಬಿದ ಟಿಪ್ಪರ್‌ಗಳ ಸಾಲು.)

ನಮಸ್ಕಾರ. ಇದು ಕಲಬುರಗಿಯಿಂದ ಸೇಡಂಗೆ ಹೋಗುವ ರಸ್ತೆ. ಮಳಖೇಡ ಬಂತೆಂದರೆ ಪಕ್ಕದ ತೊಗರಿ ಎಲೆ ಮೇಲೂ ಧೂಳು. ಇಲ್ಲಿ ಪೆಟ್ರೋಲ್, ಡೀಸೆಲ್ ಆಗುವ ಕಚ್ಚಾ ಎಣ್ಣೆಯ ಬಾವಿ ಒಂದೂ ಇಲ್ಲ. ಇರುವುದು ಸಿಮೆಂಟ್ ಕಾರ್ಖಾನೆಗಳು. ಆದ್ರೂ ಇವತ್ತು ಎಣ್ಣೆ ವಿಷಯ ಇಲ್ಲೇ ನಿಂತು ಹೇಳಬೇಕು.

ನನ್ನ ಗೆಳತಿಯೊಬ್ಬಳು ಪಿಎಚ್.ಡಿ. ಮಾಡುತ್ತಿದ್ದಾಳೆ. ವಿಷಯ: ಎಣ್ಣೆ ಉದ್ಯಮದಲ್ಲಿ ಸ್ಥಳೀಯರ ಪಾಲು. ಸಿನಾಪ್ಸಿಸ್, ಅಂದರೆ ಸಂಶೋಧನೆಯ ರೂಪುರೇಷೆ, ತೋರಿಸಿದ ದಿನ ಅವಳ ಗೈಡ್ ಕೇಳಿದ್ದು ಒಂದೇ ಮಾತು: “ಸ್ಥಳೀಯ ಅಂದ್ರೆ ಯಾರಮ್ಮ?” ಅವಳಿಗೆ ಉತ್ತರ ಹೊಳೆಯಲಿಲ್ಲ. ನನಗೂ ಹೊಳೆದಿರಲಿಲ್ಲ.

(ದೃಶ್ಯ: ಭೂಪಟ. ನಾರ್ವೆ.)

ಮೊದಲು ಹಿನ್ನೆಲೆ. ಎಣ್ಣೆ ತೆಗೆಯಲು ದುಡ್ಡು ಜಾಸ್ತಿ ಬೇಕು, ಜನ ಕಡಿಮೆ ಸಾಕು. ಹಾಗಾಗಿ ಊರಿನ ಹುಡುಗರಿಗೆ ಕೆಲಸ ಕೊಡಿ ಎಂದು ಕೇಳಿದರಷ್ಟೇ ಸಾಲದು. ನಿಜವಾದ ಹಣ ಓಡಾಡುವುದು ಕಾಂಟ್ರ್ಯಾಕ್ಟ್‌ಗಳಲ್ಲಿ: ಪೈಪು, ವೆಲ್ಡಿಂಗ್, ಹಡಗು, ಊಟ, ಸಾಗಣೆ. ಇದರಲ್ಲಿ ನಮ್ಮವರಿಗೂ ಪಾಲಿರಲಿ ಎಂದು ಸರ್ಕಾರ ಮಾಡುವ ನಿಯಮವೇ ‘ಲೋಕಲ್ ಕಂಟೆಂಟ್’.

ನಾರ್ವೆ 1972ರಲ್ಲೇ ಈ ನಿಯಮ ತಂದಿತು. ಬೆಲೆ, ಗುಣಮಟ್ಟ, ತಲುಪಿಸುವ ಸಮಯದಲ್ಲಿ ಸರಿಸಾಟಿ ಇದ್ದರೆ ನಾರ್ವೆಯ ಮಾಲಿಗೇ ಮೊದಲ ಆದ್ಯತೆ. ಅದೇ ವರ್ಷ ಸ್ಟಾಟ್‌ಆಯಿಲ್ ಎಂಬ ಸರ್ಕಾರಿ ಕಂಪನಿಯೂ ಹುಟ್ಟಿತು. ಈಗ ಅದರ ಹೆಸರು ಈಕ್ವಿನಾರ್. ಅವರಿಗೆ ಇದು ಕೈಹಿಡಿದದ್ದಕ್ಕೆ ಕಾರಣವಿದೆ. ಹಡಗು ಕಟ್ಟುವ ವಿದ್ಯೆ ಅವರಿಗೆ ಮೊದಲೇ ಗೊತ್ತಿತ್ತು. ಕೈಯಲ್ಲಿ ಕಸುಬಿದ್ದವರಿಗೆ ಅವಕಾಶ ಸಿಕ್ಕಿತು, ಅಷ್ಟೇ.

ನೈಜೀರಿಯಾದ ಕಥೆ ಬೇರೆ. ಅಲ್ಲಿ ಒಲೊಯಿಬಿರಿ ಎಂಬ ಊರಲ್ಲಿ 1956ರಲ್ಲೇ ಎಣ್ಣೆ ಸಿಕ್ಕಿತು. ಲೋಕಲ್ ಕಂಟೆಂಟ್ ಕಾನೂನು ಬಂದದ್ದು 2010ರಲ್ಲಿ. 54 ವರ್ಷ! ಒಂದು ತಲೆಮಾರು ಕಾದು ಕಾದು ಮುದಿಯಾಯಿತು. ಆ ಕಾನೂನಿನ ಪಟ್ಟಿ ನೋಡಿದರೆ ಕೆಲವು ಕೆಲಸಕ್ಕೆ ಸ್ಥಳೀಯ ಪಾಲನ್ನು ದುಡಿದ ಗಂಟೆಗಳಲ್ಲಿ ಅಳೆಯುತ್ತಾರೆ, ಕೆಲವಕ್ಕೆ ಖರ್ಚಿನಲ್ಲಿ, ಇನ್ನು ಕೆಲವಕ್ಕೆ ಟನ್ ಲೆಕ್ಕದಲ್ಲಿ. ಅಳತೆಗೋಲು ಬದಲಾದರೆ ಶೇಕಡಾವಾರೂ ಬದಲಾಗುತ್ತದೆ ಅಲ್ವಾ? ಸಂಶೋಧಕರು ಮೊದಲು ಎಡವುವುದೇ ಇಲ್ಲಿ.

ಇನ್ನೊಂದು ಮಾತು. ಆ ಕಾನೂನಿನ ಪ್ರಕಾರ ನೈಜೀರಿಯಾದವರ ಷೇರು ಕನಿಷ್ಠ 51% ಇದ್ದರೆ ಅದು ನೈಜೀರಿಯನ್ ಕಂಪನಿ. ಅಂದರೆ ದೂರದ ಲಾಗೋಸ್ ನಗರದ ಸಾಹುಕಾರನೂ ಸ್ಥಳೀಯನೇ. ಎಣ್ಣೆ ಸೋರಿ ಮೀನು ಸತ್ತ ಹೊಳೆಯ ಬೆಸ್ತನೂ ಸ್ಥಳೀಯನೇ. ಬಾವಿ ಇರುವ ಊರುಗಳಿಗಾಗಿ ಪ್ರತ್ಯೇಕ ಟ್ರಸ್ಟ್ ಮಾಡಿ, ಕಂಪನಿಯ ವಾರ್ಷಿಕ ನಿರ್ವಹಣಾ ವೆಚ್ಚದ 3% ಅದಕ್ಕೆ ಕೊಡಬೇಕು ಎಂಬ ಕಾನೂನು 2021ರಲ್ಲಿ ಬಂತು.

(ದೃಶ್ಯ: ಮತ್ತೆ ಸೇಡಂ ರಸ್ತೆ.)

ನಮ್ಮ ಕಡೆಯ ಲೆಕ್ಕವೂ ನೋಡಿ. ಸಂವಿಧಾನದ 371ಜೆ ವಿಧಿ ನಮಗೆ ದೊಡ್ಡ ಆಸರೆ, ಅದಕ್ಕಾಗಿ ಎಷ್ಟೋ ಜನ ಹೋರಾಡಿದ್ದಾರೆ. ಅದರ ಮೀಸಲಾತಿ ಸರ್ಕಾರಿ ನೌಕರಿಗೆ, ಶಿಕ್ಷಣಕ್ಕೆ. ಖಾಸಗಿ ಕಾರ್ಖಾನೆಯ ಗೇಟಿನೊಳಗೆ ಬರುವುದಿಲ್ಲ. ಮೇಲಾಗಿ ಅಲ್ಲಿ ಸ್ಥಳೀಯ ಅಂದರೆ ಇಡೀ ಕಲ್ಯಾಣ ಕರ್ನಾಟಕ. ಬಳ್ಳಾರಿಯವರೂ ಸ್ಥಳೀಯರು, ಇಲ್ಲಿನ ಸುಣ್ಣದಕಲ್ಲು ಗಣಿ ಪಕ್ಕದ ಹಳ್ಳಿಯವರೂ ಸ್ಥಳೀಯರು.

ಈಗ ನಮ್ಮ ಕಾಕಾ ವಿಷಯ. ಕೆಲವು ವರ್ಷ ಅವರು ಒಂದು ಸಾಗಣೆ ಸಂಸ್ಥೆಯ ಮಾಲೀಕರಾಗಿದ್ದರು. ಕೆಲಸ ಊರಿನವರಿಗೇ ಕೊಡಿ ಎಂದು ಗಲಾಟೆಯಾದಾಗ ಒಂದು ಕಾರ್ಖಾನೆ ಅವರಿಗೆ ಕಾಂಟ್ರ್ಯಾಕ್ಟ್ ಕೊಟ್ಟಿತು. ಬೋರ್ಡಿನ ಮೇಲೆ ಕಾಕಾ ಹೆಸರು. ಪ್ರತಿ ಚೆಕ್ಕಿನ ಮೇಲೂ ಅವರದೇ ಸಹಿ, ನೀಲಿ ಪೆನ್ನಲ್ಲಿ, ನಿಧಾನಕ್ಕೆ, ಅಕ್ಷರ ಅಕ್ಷರ ಜೋಡಿಸಿ. ಒಂದೇ ಸಲ ಇಡೀ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು ಹೊರಗಿನಿಂದ ಬಂದ ಪಾಲುದಾರರು ಅದನ್ನು ಬ್ಯಾಗಿಗೆ ಹಾಕಿಕೊಂಡು ಹೋಗುತ್ತಿದ್ದರು. ತಿಂಗಳಿಗೊಮ್ಮೆ ಕಾಕಾ ಕೈಗೆ ಒಂದು ಕವರ್. ಸಂಸ್ಥೆ ಮುಚ್ಚಿದ ಮೇಲೆ ತೆರಿಗೆ ನೋಟಿಸ್ ಬಂದದ್ದು ಮಾತ್ರ ಕಾಕಾ ಮನೆಗೆ. ಆ ರಾತ್ರಿ ಕಾಕು ಅತ್ತದ್ದು ನಾನು ಮರೆತಿಲ್ಲ.

ನಾವು ಇದನ್ನು ಬೇನಾಮಿ ಅಂತೀವಿ. ಎಣ್ಣೆ ದೇಶಗಳಲ್ಲಿ ಇದಕ್ಕೆ ‘ಫ್ರಂಟಿಂಗ್’ ಅಂತಾರೆ. ಘಾನಾದಲ್ಲಿ 2010ರ ಕೊನೆಗೆ ಎಣ್ಣೆ ಹರಿಯಲು ಶುರುವಾಯಿತು. 2013ರ ಅವರ ನಿಯಮದಲ್ಲಿ ಫ್ರಂಟಿಂಗ್ ಅಪರಾಧ. ಜೈಲೂ ಆಗಬಹುದು. ನನಗೆ ಅನಿಸುವುದು, ಹೆಸರು ಕೊಟ್ಟ ಬಡವನನ್ನು ಮೊದಲು ಹಿಡಿದರೆ ಆ ನಿಯಮಕ್ಕೆ ಅರ್ಥವಿಲ್ಲ. ಹಣ ಎಣಿಸಿದವನನ್ನು ಹಿಡಿಯಬೇಕು. ಅದು ಕಷ್ಟದ ಕೆಲಸ, ಯಾಕೆಂದರೆ ಕಾಗದದಲ್ಲಿ ಎಲ್ಲ ಸರಿಯಾಗೇ ಇರುತ್ತದೆ. ವರದಿಯಲ್ಲಿ ಕಾಕಾ ಸಂಸ್ಥೆಯೂ ‘ನೂರಕ್ಕೆ ನೂರು ಸ್ಥಳೀಯ’.

(ದೃಶ್ಯ: ಮೇಜಿನ ಮೇಲೆ ಪ್ರಶ್ನಾವಳಿ. ಕೆಂಪು ಶಾಯಿಯಲ್ಲಿ ಒಂದು ಸಾಲು ಹೊಡೆದುಹಾಕಲಾಗಿದೆ.)

ಗೆಳತಿಗೆ ಈ ಕಥೆ ಹೇಳಿದೆ. “ನಿಮ್ಮಲ್ಲಿ ಸ್ಥಳೀಯರು ಎಷ್ಟು ಜನ?” ಎಂಬ ಪ್ರಶ್ನೆಯನ್ನು ಅವಳು ಹೊಡೆದುಹಾಕಿದಳು. ಕೆಳಗೆ ಬರೆದಳು: “ಯಂತ್ರ ಯಾರ ಸಾಲದಲ್ಲಿ ಬಂತು? ರೇಟ್ ಮಾತಾಡಿದ್ದು ಯಾರು? ಚೆಕ್‌ಬುಕ್ ಎಲ್ಲಿರುತ್ತದೆ?” ಆಮೇಲೆ ಪ್ರಶ್ನಾವಳಿ ಸರಿಯಿದೆಯೇ ನೋಡಲು ಮೊದಲು ನಮ್ಮ ಮನೆಗೇ ಬಂದಳು. ಕೊನೆಯ ಪ್ರಶ್ನೆಗೆ ಕಾಕಾ ತುಂಬಾ ಹೊತ್ತು ಸುಮ್ನೆ ಕೂತರು. ಚಹಾ ಆರಿಹೋಯಿತು.

“ಬರ್ಕೊಳವ್ವಾ,” ಅಂದರು. “ಅದು ನನ್ನ ಬಲ್ಲಿ ಇರ್ಲಿಲ್ಲ.”